ಅಗ್ನಿಶಾಮಕ ವಿದ್ಯೆ ಮತ್ತು ಕಾಲೇಜು ಪದವಿ: ಒಂದು ಐತಿಹಾಸಿಕ ವಿವೇಚನೆ

೧

ಒಂದು ವೃತ್ತಿಯು ವಿದ್ಯಾಪೀಠದ ಬಾಗಿಲನ್ನು ಯಾವಾಗ ಪ್ರವೇಶಿಸುತ್ತದೆ, ಯಾರ ಕೈ ಹಿಡಿದು ಪ್ರವೇಶಿಸುತ್ತದೆ, ಪ್ರವೇಶಿಸಿದ ಮೇಲೆ ಅದರ ಸ್ವರೂಪ ಹೇಗೆ ಮಾರ್ಪಡುತ್ತದೆ ಎಂಬ ಪ್ರಶ್ನೆಗಳು ಶಿಕ್ಷಣದ ಇತಿಹಾಸವನ್ನು ಅಭ್ಯಸಿಸುವವರಿಗೆ ಮಹತ್ತ್ವದವು. ವೈದ್ಯಕ್ಕೆ, ನ್ಯಾಯಶಾಸ್ತ್ರಕ್ಕೆ, ಅಧ್ಯಾಪನಕ್ಕೆ ಸಂಬಂಧಿಸಿದಂತೆ ಈ ವಿಷಯವಾಗಿ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ಬೆಂಕಿಯನ್ನು ನಂದಿಸುವವನ ವೃತ್ತಿಯು ಕಾಲೇಜಿಗೆ ಬಂದ ಬಗೆಯನ್ನು ಕುರಿತು ನಮ್ಮ ಭಾಷೆಯಲ್ಲಿ ವಿಚಾರ ನಡೆದದ್ದು ವಿರಳ. ಗಂಟೆ ಬಾರಿಸಿದೊಡನೆ ಕೆಂಪು ಬಂಡಿಯನ್ನೇರಿ ಧಾವಿಸುವವನಿಗೆ ಧೈರ್ಯವೂ ದೇಹಬಲವೂ ಇದ್ದರೆ ಸಾಕು, ಅವನಿಗೆ ಪದವಿಯೇಕೆ ಎಂಬ ಭಾವನೆ ಜನಸಾಮಾನ್ಯರಲ್ಲಿ ಇಂದಿಗೂ ಉಂಟು. ಕಾಲೇಜಿನಲ್ಲಿ ಓದುತ್ತಿರುವ ತರುಣರು ಈ ಸೇವೆಗೆ ಸೇರಲು ಏನನ್ನು ಓದಬೇಕೆಂದು ಅಧ್ಯಾಪಕರನ್ನು ಕೇಳಿದಾಗ ನಮ್ಮಲ್ಲಿ ಅನೇಕರಿಗೆ ಸಿದ್ಧವಾದ ಉತ್ತರವಿರುವುದಿಲ್ಲ. ಉತ್ತರವಿಲ್ಲದಿರುವುದಕ್ಕೂ ಒಂದು ಚರಿತ್ರೆ ಇದೆ. ಅದನ್ನು ಸಂಗ್ರಹವಾಗಿ ನಿರೂಪಿಸಿ, ಅದರಿಂದ ಹೊರಡುವ ಒಂದೆರಡು ತೀರ್ಮಾನಗಳನ್ನು ಮುಂದಿಡುವುದು ಪ್ರಕೃತ ಲೇಖನದ ಉದ್ದೇಶ.

ನಮ್ಮ ಪ್ರತಿಪಾದನೆಯನ್ನು ಮೊದಲೇ ಹೇಳಿಬಿಡುವುದು ಲೇಸು. ಅಗ್ನಿಶಾಮಕ ವಿದ್ಯೆಯು ಕಾಲೇಜನ್ನು ಸೇರಿದ್ದು ಒಂದೇ ದಾರಿಯಿಂದಲ್ಲ. ಕುಶಲಕರ್ಮಿಗಳ ಅನುಭವ, ವಿಮಾಸಂಸ್ಥೆಗಳ ಹಣ, ಸರ್ಕಾರದ ಆಜ್ಞೆ ಎಂಬ ಮೂರು ದಾರಿಗಳಿಂದ. ಯಾವ ದೇಶದಲ್ಲಿ ಯಾವ ದಾರಿ ಪ್ರಧಾನವಾಯಿತೋ ಅಲ್ಲಿನ ಪದವಿಯು ಆ ದಾರಿಯ ಗುಣದೋಷಗಳೆರಡನ್ನೂ ಹೊತ್ತುಕೊಂಡಿತು. ಇದನ್ನು ತಿಳಿಯದೆ ಪದವಿ ಬೇಕು ಎನ್ನುವುದಾಗಲಿ ಬೇಡ ಎನ್ನುವುದಾಗಲಿ ಅರ್ಧ ವಿಚಾರವಾದೀತು.

೨

ಪ್ರಾಚೀನ ಕಾಲದಲ್ಲಿ ಬೆಂಕಿಯ ನಿವಾರಣೆಯು ವಿದ್ಯೆ ಎನಿಸಿಕೊಳ್ಳದೆ ಪೌರಧರ್ಮ ಎನಿಸಿಕೊಂಡಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಗರಿಕನೆಂಬ ನಗರಾಧಿಕಾರಿಯ ಕರ್ತವ್ಯಗಳನ್ನು ಹೇಳುವ ಪ್ರಕರಣವು ಇದಕ್ಕೆ ಒಳ್ಳೆಯ ಸಾಕ್ಷ್ಯ. ಬೇಸಗೆಯ ನಡುಹಗಲಲ್ಲಿ ಮನೆಯೊಳಗೆ ಒಲೆ ಹೊತ್ತಿಸಬಾರದು. ಪ್ರತಿ ಗೃಹಸ್ಥನೂ ನೀರಿನ ಕೊಡ, ಏಣಿ, ಕೊಡಲಿ, ಮೊರ, ಕೊಕ್ಕೆ, ತೊಗಲಿನ ಚೀಲ ಮುಂತಾದವನ್ನು ಸಿದ್ಧವಾಗಿಟ್ಟುಕೊಂಡಿರಬೇಕು. ಬೆಂಕಿಯನ್ನು ಬಳಸಿ ಜೀವಿಸುವವರನ್ನು ಊರಿನ ಒಂದೇ ಕಡೆ ನೆಲಸುವಂತೆ ಮಾಡಬೇಕು. ಬೆಂಕಿ ಬಿದ್ದ ಮನೆಗೆ ಧಾವಿಸಿ ಹೋಗದ ಮನೆಯೊಡೆಯನಿಗೆ ಹನ್ನೆರಡು ಪಣ, ಬಾಡಿಗೆದಾರನಿಗೆ ಆರು ಪಣ ದಂಡ. ಈ ಗ್ರಂಥದ ಹಸ್ತಪ್ರತಿಯು ಬೆಳಕಿಗೆ ಬಂದುದು ನಮ್ಮ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ, ಆರ್. ಶಾಮಶಾಸ್ತ್ರಿಗಳು ಅದನ್ನು ೧೯೦೯ರಲ್ಲಿ ಪ್ರಕಟಿಸಿದರು ಎಂಬುದು ನಮ್ಮ ಓದುಗರಿಗೆ ತಿಳಿದ ವಿಷಯ. ಶಾಸ್ತ್ರಿಗಳು ಅದೇ ನಗರದಲ್ಲಿ ಆ ಪ್ರಕರಣವನ್ನು ಓದುವುದಕ್ಕೆ ಕೆಲವೇ ವರ್ಷಗಳ ಮುಂಚೆ, ೧೮೯೭ರಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಮಯದಲ್ಲಿ ಮೈಸೂರಿನ ಹಳೆಯ ಮರದ ಅರಮನೆಯು ಬೆಂಕಿಗೆ ಆಹುತಿಯಾಗಿತ್ತು.

ರೋಮ್ ನಗರದಲ್ಲಿ ಅಗಸ್ಟಸ್ ಚಕ್ರವರ್ತಿಯು ಕ್ರಿ.ಶ. ೬ರಲ್ಲಿ ಏಳು ತುಕಡಿಗಳ ಕಾವಲುಪಡೆಯನ್ನು ಏರ್ಪಡಿಸಿದನು. ಅರ್ಥಶಾಸ್ತ್ರವು ಎಲ್ಲರ ಕರ್ತವ್ಯವೆಂದು ವಿಧಿಸಿದ್ದನ್ನು ರೋಮ್ ಕೆಲವರ ಉದ್ಯೋಗವನ್ನಾಗಿ ಮಾಡಿತು. ಎರಡರಲ್ಲಿಯೂ ಉಪಕರಣವಿದೆ, ದಂಡವಿದೆ, ಶಿಸ್ತಿದೆ; ಬೆಂಕಿ ಏಕೆ ಹಾಗೆ ಹರಡುತ್ತದೆ ಎಂಬ ಜಿಜ್ಞಾಸೆ ಮಾತ್ರ ಇಲ್ಲ. ಆ ಜಿಜ್ಞಾಸೆಯು ಹುಟ್ಟಿ ಬರೆಹದ ರೂಪವನ್ನು ತಾಳಲು ಹತ್ತೊಂಬತ್ತನೆಯ ಶತಮಾನವೇ ಬರಬೇಕಾಯಿತು.

೩

ಜೇಮ್ಸ್ ಬ್ರೈಡ್‌ವುಡ್ ೧೮೨೪ರಲ್ಲಿ ಎಡಿನ್‌ಬರೋ ನಗರದ ಅಗ್ನಿಶಾಮಕ ದಳದ ಮುಖ್ಯಸ್ಥನಾಗಿ ನೇಮಕಗೊಂಡಾಗ ಅವನಿಗೆ ಇಪ್ಪತ್ತನಾಲ್ಕು ವರ್ಷ ವಯಸ್ಸು. ಅವನು ಕಟ್ಟಡದ ಕಸಬನ್ನು ಬಲ್ಲವನು. ಅಧಿಕಾರ ವಹಿಸಿಕೊಂಡ ಕೆಲವೇ ವಾರಗಳಲ್ಲಿ, ಅದೇ ವರ್ಷದ ನವೆಂಬರಿನಲ್ಲಿ, ನಗರವು ಮಹಾ ಅಗ್ನಿ ಅನಾಹುತಕ್ಕೆ ಸಿಕ್ಕಿತು. ತರಬೇತಿಯಿಲ್ಲದ ಜನ, ಒಬ್ಬರಿಗೊಬ್ಬರು ವಿರುದ್ಧವಾದ ಆಜ್ಞೆಗಳನ್ನು ಕೊಡುವ ಅಧಿಕಾರಿಗಳು—ಇವರ ನಡುವೆ ನಿಂತು ಬ್ರೈಡ್‌ವುಡ್ ಕಲಿತ ಪಾಠ ದೊಡ್ಡದು. ಅನಂತರ ಅವನು ತನ್ನ ದಳಕ್ಕೆ ಆರಿಸಿಕೊಂಡದ್ದು ಛಾವಣಿ ಹೊದಿಸುವವರನ್ನು, ಬಡಗಿಗಳನ್ನು, ಗಾರೆಕೆಲಸದವರನ್ನು, ಕಮ್ಮಾರರನ್ನು, ಕೊಳಾಯಿ ಕೆಲಸದವರನ್ನು. ಕಾರಣ ಸ್ಪಷ್ಟ. ಛಾವಣಿಯ ಮೇಲೆ ನಡೆಯಬಲ್ಲವನು ಅದನ್ನು ಹೊದಿಸಿದವನು. ತೊಲೆ ಎಷ್ಟು ಹೊತ್ತು ನಿಲ್ಲುತ್ತದೆಂದು ಬಲ್ಲವನು ಅದನ್ನು ಕೆತ್ತಿದವನು. ಗೋಡೆ ಯಾವ ಕಡೆ ವಾಲುತ್ತದೆಂದು ಊಹಿಸಬಲ್ಲವನು ಅದನ್ನು ಕಟ್ಟಿದವನು. ಬೀದಿಯಲ್ಲಿ ನಿಂತು ಜ್ವಾಲೆಯ ಮೇಲೆ ನೀರು ಚಿಮ್ಮಿಸುವ ಹಳೆಯ ಪದ್ಧತಿಯನ್ನು ಬಿಟ್ಟು, ಕಟ್ಟಡದೊಳಕ್ಕೆ ನುಗ್ಗಿ ಬೆಂಕಿಯ ಮೂಲವನ್ನೇ ಹುಡುಕಬೇಕೆಂಬ ನಿಯಮವನ್ನು ಅವನು ತನ್ನ ಜನರಿಗೆ ಕಲಿಸಿದನು. ೧೮೩೦ರಲ್ಲಿ ಅವನು ಅಗ್ನಿಯಂತ್ರಗಳ ರಚನೆ ಹಾಗೂ ದಳದ ಶಿಕ್ಷಣವನ್ನು ಕುರಿತು ಒಂದು ಗ್ರಂಥವನ್ನೇ ಬರೆದು ಪ್ರಕಟಿಸಿದನು. ಕೈಗಳಲ್ಲಿದ್ದ ವಿದ್ಯೆಯು ಹೀಗೆ ಪುಸ್ತಕಕ್ಕೆ ಇಳಿಯಿತು.

ಬ್ರೈಡ್‌ವುಡ್ ೧೮೩೩ರಲ್ಲಿ ಲಂಡನ್ನಿಗೆ ಹೋದನು. ಅಲ್ಲಿ ವಿಮಾಸಂಸ್ಥೆಗಳು ಒಂದುಗೂಡಿ ನಡೆಸುತ್ತಿದ್ದ ದಳಕ್ಕೆ ಮುಖ್ಯಸ್ಥನಾಗಿ, ೧೮೬೧ರ ಜೂನ್ ೨೨ರಂದು ಟೂಲಿ ಬೀದಿಯ ಉಗ್ರಾಣಗಳ ಬೆಂಕಿಯಲ್ಲಿ ಗೋಡೆ ಕುಸಿದು ಬಿದ್ದು ಮಡಿದನು. ಗೋಡೆಗಳ ಗುಣವನ್ನು ಅವನಷ್ಟು ತಿಳಿದವರು ಆ ನಗರದಲ್ಲಿ ಬಹಳ ಮಂದಿ ಇದ್ದಿರಲಾರರು. ಅವನ ತರುವಾಯ ಬಂದ ಏರ್ ಮ್ಯಾಸಿ ಷಾ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಪದವೀಧರನು. ಅಲ್ಲಿ ಅವನು ಓದಿದ ಓದಿಗೂ ಬೆಂಕಿಗೂ ಸಂಬಂಧವಿರಲಿಲ್ಲ; ಅಂದಿನ ಪದವಿಯು ಸಭ್ಯಗೃಹಸ್ಥನೆಂಬುದರ ಗುರುತಾಗಿತ್ತೇ ಹೊರತು ವೃತ್ತಿವಿದ್ಯೆಯ ಪ್ರಮಾಣವಾಗಿರಲಿಲ್ಲ. ಷಾ ತನ್ನ ದಳಕ್ಕೆ ಬಡಗಿಗಳ ಬದಲು ನಾವಿಕರನ್ನೇ ಆರಿಸಿಕೊಂಡನು. ಹಗ್ಗ ಹತ್ತುವ ಅಭ್ಯಾಸ, ರಾತ್ರಿ ಹಗಲೆನ್ನದೆ ಸರದಿಯ ಕಾವಲು ನಿಲ್ಲುವ ಗುಣ, ಆಜ್ಞೆಗೆ ಮರುಮಾತಿಲ್ಲದ ವಿಧೇಯತೆ ಅವರಲ್ಲಿದ್ದವು. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಬ್ರೈಡ್‌ವುಡ್ಡನ ದಳದಲ್ಲಿ ತಿಳಿವಳಿಕೆ ಪ್ರತಿಯೊಬ್ಬನಲ್ಲಿಯೂ ಹಂಚಿಹೋಗಿತ್ತು. ಷಾನ ದಳದಲ್ಲಿ ತಿಳಿವಳಿಕೆ ಮೇಲಿನವನಲ್ಲಿ, ವಿಧೇಯತೆ ಕೆಳಗಿನವನಲ್ಲಿ ಎಂಬ ವಿಭಾಗ ತಲೆದೋರಿತು. ಅಗ್ನಿಶಾಮಕ ಶಿಕ್ಷಣದ ಮುಂದಿನ ಚರಿತ್ರೆಯೆಲ್ಲವೂ ಒಂದರ್ಥದಲ್ಲಿ ಈ ಎರಡು ಮಾದರಿಗಳ ನಡುವಿನ ಜಗ್ಗಾಟವೆಂದು ನಮಗೆ ತೋರುತ್ತದೆ.

ಬ್ರಿಟನ್ನಿನಲ್ಲಿ ೧೯೧೮ರಲ್ಲಿ ಅಗ್ನಿಶಾಮಕ ಎಂಜಿನಿಯರುಗಳ ಸಂಸ್ಥೆಯೊಂದು ಸ್ಥಾಪಿತವಾಗಿ, ಪರೀಕ್ಷೆಗಳನ್ನು ನಡೆಸತೊಡಗಿತು. ಕೆಲಸದಲ್ಲಿದ್ದುಕೊಂಡೇ ಓದಿ ಪರೀಕ್ಷೆಗೆ ಕುಳಿತುಕೊಳ್ಳುವುದು ಈ ವ್ಯವಸ್ಥೆಯ ಲಕ್ಷಣ. ಆದರೆ ವಿಶ್ವವಿದ್ಯಾನಿಲಯವು ಈ ವಿಷಯವನ್ನು ತನ್ನದೆಂದು ಒಪ್ಪಿಕೊಂಡದ್ದು ಬಹಳ ತಡವಾಗಿ. ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಅಗ್ನಿ ಎಂಜಿನಿಯರಿಂಗ್ ಪೀಠವು ಏರ್ಪಟ್ಟು ಡೇವಿಡ್ ರಾಸ್‌ಬ್ಯಾಶ್ ಅದರ ಪ್ರಥಮ ಪ್ರಾಧ್ಯಾಪಕರಾದದ್ದು ೧೯೭೦ರ ದಶಕದಲ್ಲಿ. ಬ್ರೈಡ್‌ವುಡ್ ಬಡಗಿಗಳಿಗೂ ಕಮ್ಮಾರರಿಗೂ ಪಾಠ ಹೇಳಿದ ಊರಿನಲ್ಲಿಯೇ ಆ ಪಾಠವು ಪೀಠವಾಗಲು ಸುಮಾರು ಒಂದೂವರೆ ಶತಮಾನ ಹಿಡಿಯಿತು.

೪

ಅಮೆರಿಕದಲ್ಲಿ ಕಾಲಗತಿ ಬೇರೆಯಾಗಿತ್ತು. ಅಲ್ಲಿ ಕಾಲೇಜಿನ ಬಾಗಿಲನ್ನು ತೆರೆಸಿದ್ದು ವಿಮೆಯ ವ್ಯವಹಾರ. ೧೮೭೧ರ ಅಕ್ಟೋಬರಿನಲ್ಲಿ ಷಿಕಾಗೋ ನಗರದಲ್ಲಿ ಹುಟ್ಟಿದ ಬೆಂಕಿಯು ಸುಮಾರು ಮುನ್ನೂರು ಜನರನ್ನು ಬಲಿ ತೆಗೆದುಕೊಂಡು, ಸುಮಾರು ಒಂದು ಲಕ್ಷ ಜನರನ್ನು ನಿರಾಶ್ರಿತರನ್ನಾಗಿ ಮಾಡಿತು. ಪರಿಹಾರ ತೆರಲಾರದೆ ಅನೇಕ ವಿಮಾಸಂಸ್ಥೆಗಳು ದಿವಾಳಿಯಾದವು. ಉಳಿದ ಸಂಸ್ಥೆಗಳಿಗೆ ಒಂದು ಮಾತು ಮನದಟ್ಟಾಯಿತು: ಬೆಂಕಿ ಬಿದ್ದ ಮೇಲೆ ಹಣ ತೆರುವುದಕ್ಕಿಂತ ಬೀಳದಂತೆ ಮಾಡಲು ಬಲ್ಲವರನ್ನು ತಯಾರು ಮಾಡುವುದು ಲಾಭಕರ. ಅದೇ ನಗರದಲ್ಲಿ ೧೮೯೩ರ ವಿಶ್ವಪ್ರದರ್ಶನದ ವಿದ್ಯುದ್ದೀಪಗಳ ಅಪಾಯವನ್ನು ಪರೀಕ್ಷಿಸಲು ಬಂದ ವಿಲಿಯಂ ಹೆನ್ರಿ ಮೆರಿಲ್ ಎಂಬ ತರುಣ ಎಂಜಿನಿಯರನು ಮರುವರ್ಷ ವಿಮಾಸಂಸ್ಥೆಗಳ ನೆರವಿನಿಂದ ಒಂದು ಪ್ರಯೋಗಶಾಲೆಯನ್ನು ತೆರೆದನು. ೧೯೦೩ರಲ್ಲಿ ಷಿಕಾಗೋವಿನ ಆರ್ಮರ್ ಸಂಸ್ಥೆಯು ಅಗ್ನಿರಕ್ಷಣಾ ಎಂಜಿನಿಯರಿಂಗ್ ವಿಷಯದಲ್ಲಿ ಪದವಿಯ ವ್ಯಾಸಂಗವನ್ನು ಪ್ರಾರಂಭಿಸಿತು. ಈ ವಿಷಯದಲ್ಲಿ ಅಮೆರಿಕದ ಮೊದಲ ಪದವಿ ಇದೇ.

ಅದೇ ವರ್ಷದ ಡಿಸೆಂಬರ್ ೩೦ರಂದು ಅದೇ ನಗರದ ಇರಾಕ್ವಾ ನಾಟಕಶಾಲೆಯಲ್ಲಿ ಬೆಂಕಿ ಬಿದ್ದು ಆರುನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಮಂದಿ ಹೆಂಗಸರು ಮತ್ತು ಮಕ್ಕಳು. ಕಟ್ಟಡವು ತೆರೆದು ಎರಡು ತಿಂಗಳೂ ಆಗಿರಲಿಲ್ಲ. ಬೆಂಕಿಗೆ ಬಗ್ಗದ ಕಟ್ಟಡವೆಂದು ಅದನ್ನು ಜಾಹೀರು ಮಾಡಲಾಗಿತ್ತು. ಅಗ್ನಿಶಾಮಕ ದಳದವರು ಬಂದು ಬೆಂಕಿಯನ್ನು ಬೇಗನೆ ನಂದಿಸಿದರು. ಆದರೆ ಬೇಗನೆ ನಂದಿಸಿದ್ದರಿಂದ ಯಾರೂ ಬದುಕಿ ಉಳಿಯಲಿಲ್ಲ. ಬಾಗಿಲುಗಳು ತೆರೆಯದೆ, ದಾರಿ ಕಾಣದೆ ಅವರು ಮೊದಲೇ ಸತ್ತಿದ್ದರು. ೧೯೧೧ರ ಮಾರ್ಚ್ ೨೫ರಂದು ನ್ಯೂಯಾರ್ಕಿನ ಟ್ರಯಾಂಗಲ್ ಹೊಲಿಗೆ ಕಾರ್ಖಾನೆಯಲ್ಲಿ ೧೪೬ ಮಂದಿ ಕಾರ್ಮಿಕರು, ಅವರಲ್ಲಿ ಹೆಚ್ಚಿನವರು ಎಳೆಯ ಹುಡುಗಿಯರು, ಮಡಿದಾಗಲೂ ಹೀಗೆಯೇ. ಬೆಂಕಿ ಎಂಟನೆಯ ಅಂತಸ್ತಿನಲ್ಲಿ ಹುಟ್ಟಿ ಮೇಲಕ್ಕೆ ಹಬ್ಬಿತು. ದಳದ ಏಣಿ ಆರನೆಯ ಅಂತಸ್ತಿಗೆ ನಿಂತಿತು. ಏಣಿಯ ತುದಿಯಲ್ಲಿ ನಿಂತವನ ಶೌರ್ಯಕ್ಕೆ ಕೊರತೆಯಿರಲಿಲ್ಲ. ಎರಡು ಅಂತಸ್ತುಗಳ ಅಂತರವನ್ನು ಶೌರ್ಯವು ತುಂಬಲಾರದು. ಅದನ್ನು ತುಂಬಬೇಕಾದವನು ಕಟ್ಟಡದ ನಕ್ಷೆಯನ್ನು ಮೊದಲೇ ನೋಡಿ ಬೇಡವೆನ್ನಬಲ್ಲವನು. ಬೆಂಕಿಯ ಕೆಲಸವು ಗಂಟೆ ಬಾರಿಸುವುದಕ್ಕೆ ಬಹಳ ಮುಂಚೆ ಆರಂಭವಾಗುತ್ತದೆ ಎಂಬುದೇ ಈ ವಿದ್ಯೆಯು ಕಾಲೇಜಿಗೆ ಯೋಗ್ಯವಾದ ವಿಷಯವೆಂಬುದಕ್ಕೆ ಎಲ್ಲಕ್ಕಿಂತ ಬಲವಾದ ಕಾರಣ.

ಹೀಗಿದ್ದರೂ ಆರ್ಮರ್ ಸಂಸ್ಥೆಯ ಪದವಿಗೆ ಒಂದು ಮಿತಿ ಇತ್ತು. ಅದು ಮುಖ್ಯವಾಗಿ ವಿಮಾಸಂಸ್ಥೆಗಳಿಗೆ ಬೇಕಾದ ಪರೀಕ್ಷಕರನ್ನೂ ಎಂಜಿನಿಯರುಗಳನ್ನೂ ಸಿದ್ಧಪಡಿಸಿತು. ನೀರಿನ ಕೊಳವೆಯನ್ನು ಹೆಗಲ ಮೇಲೆ ಹೊತ್ತು ಹೊಗೆಯೊಳಕ್ಕೆ ನುಗ್ಗುವವನು ಆ ತರಗತಿಯ ವಿದ್ಯಾರ್ಥಿಯಾಗಿರಲಿಲ್ಲ. ಹಣ ಕೊಟ್ಟವರ ಅಗತ್ಯವು ಪಾಠಕ್ರಮವನ್ನು ನಿರ್ಣಯಿಸಿತು.

೫

ಆ ಕೊರತೆಯನ್ನು ತುಂಬುವ ಪ್ರಯತ್ನವು ಕೃಷಿಪ್ರಧಾನವಾದ ಓಕ್ಲಹೋಮ ಸಂಸ್ಥಾನದಿಂದ ಬಂದಿತು. ಅಲ್ಲಿನ ಕೃಷಿ ಮತ್ತು ಯಾಂತ್ರಿಕ ಕಾಲೇಜು ೧೯೩೦ರ ದಶಕದಲ್ಲಿ ಅಗ್ನಿಶಾಮಕರ ತರಬೇತಿಗಾಗಿ ಕೈಪಿಡಿಗಳನ್ನು ಪ್ರಕಟಿಸುವ ಕಾರ್ಯಕ್ಕೆ ಕೇಂದ್ರವಾಯಿತು. ೧೯೩೭ರಲ್ಲಿ ಈ ವಿದ್ಯೆಗೆಂದೇ ಒಂದು ವ್ಯಾಸಂಗಕ್ರಮವನ್ನು ತೆರೆಯಿತು. ಹೊಲಕ್ಕೂ ತರಗತಿಗೂ ಸಂಬಂಧ ಕಲ್ಪಿಸುವ ಸಲುವಾಗಿ ಹುಟ್ಟಿದ ಕಾಲೇಜು ಅದು. ಠಾಣೆಗೂ ತರಗತಿಗೂ ಸಂಬಂಧ ಕಲ್ಪಿಸುವುದು ಅದಕ್ಕೆ ಅಸಹಜವೆನಿಸಲಿಲ್ಲ. ೧೯೫೬ರಲ್ಲಿ ಮೇರಿಲೆಂಡ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ಬ್ರಯನ್ ಎಂಬ ಪ್ರಾಧ್ಯಾಪಕರು ಮತ್ತೊಂದು ವಿಭಾಗವನ್ನು ಕಟ್ಟಿದರು. ಬೆಂಕಿ ಬಿದ್ದ ಕಟ್ಟಡದೊಳಗೆ ಮನುಷ್ಯರು ಹೇಗೆ ವರ್ತಿಸುತ್ತಾರೆ ಎಂಬುದನ್ನು ಅವರು ತಮ್ಮ ಅಧ್ಯಯನದ ವಿಷಯವನ್ನಾಗಿ ಮಾಡಿಕೊಂಡರು. ಜಲಶಾಸ್ತ್ರ, ದಹನದ ರಸಾಯನಶಾಸ್ತ್ರ, ಕಟ್ಟಡರಚನೆ, ಕಾನೂನು ಇವುಗಳ ಸಾಲಿಗೆ ಮಾನವಸ್ವಭಾವದ ಅಧ್ಯಯನವೂ ಸೇರಿತು.

ಆದರೆ ಸೇವೆಯಲ್ಲಿದ್ದ ಸಾಮಾನ್ಯ ಅಗ್ನಿಶಾಮಕನಿಗೆ ಪದವಿಯು ದೂರದ ಮಾತಾಗಿಯೇ ಉಳಿದಿತ್ತು. ೧೯೬೬ರಲ್ಲಿ ವಿಸ್ಕಾನ್ಸಿನ್ನಿನ ವಿಂಗ್‌ಸ್ಪ್ರೆಡ್ ಎಂಬಲ್ಲಿ ಸೇರಿದ ಅಗ್ನಿಶಾಮಕ ಮುಖಂಡರು ವೃತ್ತಿಯ ಘನತೆಗೆ ವಿದ್ಯಾಭ್ಯಾಸವೇ ಆಧಾರವೆಂಬ ಅಭಿಪ್ರಾಯವನ್ನು ಮುಂದಿಟ್ಟರು. ೧೯೭೩ರಲ್ಲಿ ರಾಷ್ಟ್ರೀಯ ಆಯೋಗವೊಂದು ‘ಅಮೆರಿಕ ಬರ್ನಿಂಗ್’ ಎಂಬ ವರದಿಯನ್ನು ಒಪ್ಪಿಸಿತು. ಮರುವರ್ಷ ಸಂಯುಕ್ತ ಸರ್ಕಾರದ ಶಾಸನವೊಂದು ಜಾರಿಗೆ ಬಂದು, ರಾಷ್ಟ್ರೀಯ ಅಗ್ನಿಶಾಮಕ ಅಕಾಡೆಮಿಗೆ ದಾರಿಯಾಯಿತು. ಆ ಅಕಾಡೆಮಿಯು ಮೇರಿಲೆಂಡಿನ ಎಮಿಟ್ಸ್‌ಬರ್ಗಿನಲ್ಲಿ ನೆಲಸಿದ ಆವರಣವು ೧೯೭೩ರಲ್ಲಿ ಮುಚ್ಚಿಹೋದ ಒಂದು ಮಹಿಳಾ ಕಾಲೇಜಿನದು. ಸರ್ಕಾರವು ಅದನ್ನು ೧೯೭೯ರಲ್ಲಿ ಕೊಂಡಿತು. ಇದೇ ಕಾಲದಲ್ಲಿ ಊರೂರಿನ ಸಮುದಾಯ ಕಾಲೇಜುಗಳಲ್ಲಿ ‘ಅಗ್ನಿವಿಜ್ಞಾನ’ ಎಂಬ ಹೆಸರಿನ ಎರಡು ವರ್ಷಗಳ ವ್ಯಾಸಂಗವು ಹರಡಿತು. ಸರದಿಯ ಕೆಲಸ ಮಾಡುವವನು ಬಿಡುವಿನ ವೇಳೆಯಲ್ಲಿ ಬಂದು ಓದಬಹುದಾದ ಏರ್ಪಾಡು ಇದು. ವಿಮಾಸಂಸ್ಥೆಗಳ ಪದವಿಯು ಎಂಜಿನಿಯರನನ್ನು ಹುಡುಕಿಕೊಂಡು ಹೋಗಿತ್ತು. ಈ ಪದವಿಯಾದರೋ ಅಗ್ನಿಶಾಮಕನ ಮನೆಯ ಹತ್ತಿರಕ್ಕೆ ತಾನೇ ಬಂದಿತು. ೧೯೭೪ರಲ್ಲಿ ಪ್ರಕಟವಾದ ವೃತ್ತಿಯೋಗ್ಯತೆಯ ಮಾನದಂಡವು ಅಗ್ನಿಶಾಮಕನು ಎಲ್ಲಿ ಓದಿದನೆಂಬುದನ್ನು ಕೇಳದೆ ಏನನ್ನು ಮಾಡಬಲ್ಲನೆಂಬುದನ್ನು ಕೇಳಿತು ಎಂಬುದೂ ಗಮನಾರ್ಹ.

೬

ಇನ್ನು ಭಾರತದ ವಿಷಯ. ಮುಂಬಯಿ, ಕಲ್ಕತ್ತಗಳಂಥ ನಗರಗಳಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ಅಗ್ನಿಶಾಮಕ ದಳಗಳಿದ್ದವು. ಆದರೆ ದೇಶದ ಮನಸ್ಸಿನಲ್ಲಿ ಈ ವೃತ್ತಿಯು ಅಚ್ಚೊತ್ತಿದ್ದು ೧೯೪೪ರ ಏಪ್ರಿಲ್ ೧೪ರಂದು. ಈ ಘಟನೆಯನ್ನು ಸ್ವಲ್ಪ ವಿವರವಾಗಿ ನೋಡುವುದು ನಮ್ಮ ವಿಷಯಕ್ಕೆ ಅವಶ್ಯಕ.

‘ಫೋರ್ಟ್ ಸ್ಟೈಕಿನ್’ ಎಂಬ ಹಡಗು ಇಂಗ್ಲೆಂಡಿನಿಂದ ಹೊರಟು, ಕರಾಚಿಯನ್ನು ಹಾಯ್ದು, ಏಪ್ರಿಲ್ ೧೨ರಂದು ಮುಂಬಯಿಯ ವಿಕ್ಟೋರಿಯ ಡಾಕಿಗೆ ಬಂದಿತು. ಅದರಲ್ಲಿ ಸುಮಾರು ೧,೪೦೦ ಟನ್ನುಗಳಷ್ಟು ಸ್ಫೋಟಕಗಳಿದ್ದವು. ಅದರ ಜೊತೆಗೆ ಕರಾಚಿಯಲ್ಲಿ ಸಾವಿರಾರು ಹತ್ತಿಯ ಬೇಲುಗಳನ್ನೂ ಎಣ್ಣೆಯ ಪೀಪಾಯಿಗಳನ್ನೂ ಮರದ ದಿಮ್ಮಿಗಳನ್ನೂ ಹೇರಲಾಗಿತ್ತು. ೧೪ರ ಮಧ್ಯಾಹ್ನ ಸುಮಾರು ಎರಡು ಗಂಟೆಗೆ ಹೊಗೆ ಕಾಣಿಸಿತು. ದಳದವರು ಬಂದು ಹಡಗಿನ ಒಡಲಿಗೆ ನೀರು ಸುರಿದರು. ೯೦೦ ಟನ್ನುಗಳಿಗಿಂತ ಹೆಚ್ಚು ನೀರು ಹೋಯಿತು. ದಟ್ಟವಾದ ಹೊಗೆಯಲ್ಲಿ ಬೆಂಕಿಯ ಮೂಲ ಸಿಗಲಿಲ್ಲ. ಕಾವಿಗೆ ಸುರಿದ ನೀರೇ ಕುದಿಯತೊಡಗಿತು. ಮೂರು ಗಂಟೆ ಐವತ್ತು ನಿಮಿಷಕ್ಕೆ ಹಡಗನ್ನು ಬಿಟ್ಟು ಹೊರಡುವಂತೆ ಆಜ್ಞೆಯಾಯಿತು. ಹದಿನಾರು ನಿಮಿಷಗಳ ಅನಂತರ ಮೊದಲ ಸ್ಫೋಟ. ಸುಮಾರು ಅರ್ಧ ಗಂಟೆಯ ಬಳಿಕ ಎರಡನೆಯದು. ನೂರಾರು ಜನ ಸತ್ತರು, ಸಾವಿರಾರು ಜನ ಮನೆಮಠ ಕಳೆದುಕೊಂಡರು. ಅರವತ್ತಾರು ಮಂದಿ ಅಗ್ನಿಶಾಮಕರು ಮಡಿದರು. ಅವರ ಸ್ಮರಣಾರ್ಥವಾಗಿ ಏಪ್ರಿಲ್ ೧೪ನ್ನು ಅಗ್ನಿಶಾಮಕ ಸೇವಾ ದಿನವಾಗಿಯೂ, ಅಂದಿನಿಂದ ೨೦ರ ವರೆಗಿನ ವಾರವನ್ನು ಅಗ್ನಿಶಾಮಕ ಸಪ್ತಾಹವಾಗಿಯೂ ದೇಶದಾದ್ಯಂತ ಆಚರಿಸಲಾಗುತ್ತಿದೆ.

ಇವರ ತ್ಯಾಗವನ್ನು ಸ್ಮರಿಸುವುದು ಸುಲಭ; ಅದರಿಂದ ಕಲಿಯುವುದು ಕಷ್ಟ. ಹತ್ತಿಯ ಬೇಲಿನ ಒಳಗೆ ಬೆಂಕಿಯು ಹೊರಗೆ ಕಾಣದೆ ಗಂಟೆಗಟ್ಟಲೆ ಕುದಿಯಬಲ್ಲುದು. ಸ್ಫೋಟಕದ ಹತ್ತಿರ ಕಾವು ಯಾವ ಮಟ್ಟಕ್ಕೆ ಏರಿದೆ, ನೀರು ಅದನ್ನು ಇಳಿಸುತ್ತಿದೆಯೇ ಇಲ್ಲವೇ, ಹಡಗನ್ನು ಮುಳುಗಿಸಬೇಕೇ ಹೊರಗೆ ಎಳೆಯಬೇಕೇ ಎಂಬ ಪ್ರಶ್ನೆಗಳಿಗೆ ಎರಡು ಗಂಟೆಯೊಳಗೆ ಉತ್ತರ ಕೊಡಬೇಕಾಗಿತ್ತು. ಆ ಉತ್ತರವು ರಸಾಯನಶಾಸ್ತ್ರದಿಂದಲೂ ಬರಬೇಕು, ಅಧಿಕಾರದಿಂದಲೂ ಬರಬೇಕು. ನೀರಿನ ಕೊಳವೆಯನ್ನು ಹಿಡಿದು ಹಡಗಿನ ಅಟ್ಟದ ಮೇಲೆ ನಿಂತವನಿಗೆ ಎರಡೂ ಇರಲಿಲ್ಲ. ಪದವಿಯೊಂದು ಆ ಅರವತ್ತಾರು ಜನರನ್ನು ಉಳಿಸುತ್ತಿತ್ತು ಎಂದು ಹೇಳುವುದು ಇತಿಹಾಸಕಾರನಿಗೆ ತಕ್ಕ ಮಾತಲ್ಲ. ಅವರು ತಾವು ಯಾವುದರ ಮೇಲೆ ನಿಂತಿದ್ದೇವೆಂಬುದನ್ನು ತಿಳಿಯುವ ಹಕ್ಕುಳ್ಳವರಾಗಿದ್ದರು ಎಂದು ಮಾತ್ರ ನಾವು ಹೇಳಬಲ್ಲೆವು.

ಸ್ವಾತಂತ್ರ್ಯಾನಂತರ ಭಾರತ ಸರ್ಕಾರದ ಗೃಹಮಂತ್ರಾಲಯವು ೧೯೫೬ರಲ್ಲಿ ಉತ್ತರ ಪ್ರದೇಶದ ರಾಂಪುರದಲ್ಲಿ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜನ್ನು ಸ್ಥಾಪಿಸಿತು. ಮರುವರ್ಷ ಅದು ನಾಗಪುರಕ್ಕೆ ವರ್ಗವಾಯಿತು. ಮೇರಿಲೆಂಡಿನ ವಿಭಾಗವೂ ಹುಟ್ಟಿದ್ದು ಅದೇ ವರ್ಷದಲ್ಲಿ. ಒಂದೇ ವರ್ಷದಲ್ಲಿ ಹುಟ್ಟಿದ ಈ ಎರಡು ಸಂಸ್ಥೆಗಳ ಸ್ವಭಾವ ಮಾತ್ರ ಬೇರೆ ಬೇರೆ. ಮೇರಿಲೆಂಡಿನಲ್ಲಿ ವಿಶ್ವವಿದ್ಯಾನಿಲಯವು ಬೆಂಕಿಯನ್ನು ತನ್ನ ವಿಷಯಗಳಲ್ಲಿ ಒಂದನ್ನಾಗಿ ಸೇರಿಸಿಕೊಂಡಿತು. ನಾಗಪುರದಲ್ಲಿ ಸರ್ಕಾರವು ತನ್ನ ಅಧಿಕಾರಿಗಳ ತರಬೇತಿಗೆ ಕಾಲೇಜೆಂಬ ಹೆಸರನ್ನಿಟ್ಟಿತು. ರಾಜ್ಯಗಳಿಂದ ಬಂದ ಉಪ ಅಧಿಕಾರಿಗಳು, ಠಾಣಾಧಿಕಾರಿಗಳು, ವಿಭಾಗಾಧಿಕಾರಿಗಳು ಅಲ್ಲಿ ಶಿಕ್ಷಣ ಪಡೆದು ಹಿಂದಿರುಗುತ್ತಿದ್ದರು. ಪಿಯುಸಿ ಮುಗಿಸಿದ ವಿದ್ಯಾರ್ಥಿಯು ನೇರವಾಗಿ ಸೇರಿ ಅಗ್ನಿ ಎಂಜಿನಿಯರಿಂಗ್ ಪದವಿಯನ್ನು ಪಡೆಯುವ ವ್ಯವಸ್ಥೆಯು ನಾಗಪುರ ವಿಶ್ವವಿದ್ಯಾನಿಲಯದ ಸಂಯೋಜನೆಯೊಡನೆ ಆರಂಭವಾದದ್ದು ೧೯೭೮ರಲ್ಲಿ. ಕಾಲೇಜಿಗೂ ಪದವಿಗೂ ನಡುವೆ ಇಪ್ಪತ್ತೆರಡು ವರ್ಷಗಳ ಅಂತರ.

ಪದವಿಯು ಪುರುಷರಿಗೆ ಮಾತ್ರವೆಂದು ಎಲ್ಲಿಯೂ ಬರೆದಿರಲಿಲ್ಲವಾದರೂ, ಎರಡು ದಶಕಗಳಿಗೂ ಹೆಚ್ಚು ಕಾಲ ಆ ತರಗತಿಯಲ್ಲಿ ಯುವತಿಯೊಬ್ಬಳೂ ಕುಳಿತಿರಲಿಲ್ಲ. ೨೦೦೨ರಲ್ಲಿ ನಾಗಪುರದವರೇ ಆದ ಹರ್ಷಿಣಿ ಕಾನ್ಹೇಕರ್ ಅಲ್ಲಿಗೆ ಸೇರಿದ ಮೊದಲ ವಿದ್ಯಾರ್ಥಿನಿಯಾದರು. ಪದವಿಯನ್ನು ಪಡೆದು, ತೈಲ ಮತ್ತು ನೈಸರ್ಗಿಕ ಅನಿಲ ನಿಗಮದಲ್ಲಿ ಅಗ್ನಿಶಾಮಕ ಅಧಿಕಾರಿಯಾದರು. ಬಾಗಿಲು ತೆರೆದಿರುವುದಕ್ಕೂ ಒಳಗೆ ಬರಬಹುದೆಂದು ತೋರುವುದಕ್ಕೂ ಇರುವ ವ್ಯತ್ಯಾಸವನ್ನು ಈ ನಿದರ್ಶನವು ತಿಳಿಸುತ್ತದೆ. ಇದರಲ್ಲಿಯೇ ಇನ್ನೊಂದು ಸಂಗತಿಯೂ ಅಡಗಿದೆ. ಪದವೀಧರರಿಗೆ ತೈಲ, ಅನಿಲ, ವಿಮಾನನಿಲ್ದಾಣ, ಕೈಗಾರಿಕೆಗಳ ಕ್ಷೇತ್ರಗಳಲ್ಲಿ ಅವಕಾಶ ವಿಪುಲ. ನಮ್ಮ ಸಂವಿಧಾನದ ಹನ್ನೆರಡನೆಯ ಅನುಸೂಚಿಯು ಅಗ್ನಿಶಾಮಕ ಸೇವೆಯನ್ನು ನಗರಸಭೆಗಳ ಕಾರ್ಯಗಳಲ್ಲಿ ಎಣಿಸುತ್ತದೆ. ಹೀಗಾಗಿ ಕೇಂದ್ರವು ಕಲಿಸಿದ ವಿದ್ಯೆಯು ಊರಿನ ಠಾಣೆಯನ್ನು ತಲುಪುವುದಕ್ಕೆ ನೇರವಾದ ಸೇತುವೆಯಿಲ್ಲ. ರಾಜ್ಯಕ್ಕೊಂದು ಶಾಸನ, ರಾಜ್ಯಕ್ಕೊಂದು ನೇಮಕಾತಿಯ ನಿಯಮ.

೭

ನಮ್ಮ ರಾಜ್ಯದಲ್ಲಿ ಈ ಸೇವೆಗೆ ಆಧಾರವಾಗಿರುವುದು ೧೯೬೪ರ ಅಗ್ನಿಶಾಮಕ ದಳ ಅಧಿನಿಯಮ. ಈಚಿನ ನೇಮಕಾತಿಗಳಲ್ಲಿ ಠಾಣಾಧಿಕಾರಿಗೆ ಪದವಿಯನ್ನೂ ಅಗ್ನಿಶಾಮಕನಿಗೆ ಎಸ್.ಎಸ್.ಎಲ್.ಸಿ.ಯನ್ನೂ ಕನಿಷ್ಠ ವಿದ್ಯಾರ್ಹತೆಯಾಗಿ ಕೇಳಲಾಗಿದೆ. ಮ್ಯಾಸಿ ಷಾ ಎಳೆದ ಗೆರೆಯು ಇಲ್ಲಿಯೂ ಕಾಣುತ್ತದೆ. ೧೯೮೧ರ ಫೆಬ್ರವರಿ ೭ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ, ಅವರಲ್ಲಿ ಬಹುಪಾಲು ಮಕ್ಕಳು, ಮಡಿದರು. ೨೦೧೦ರ ಫೆಬ್ರವರಿ ೨೩ರಂದು ಅದೇ ನಗರದ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಒಂಬತ್ತು ಮಂದಿ ಸತ್ತರು. ಅವರನ್ನು ಕೊಂದದ್ದು ಜ್ವಾಲೆಗಿಂತ ಮಿಗಿಲಾಗಿ ಹೊಗೆ, ಹಾಗೂ ಹೊಗೆಗೆ ಹೆದರಿ ಮೇಲಿನಿಂದ ಧುಮುಕಿದ್ದು. ಡೇರೆಯ ಬಟ್ಟೆ ಹೇಗೆ ಉರಿಯುತ್ತದೆ, ಹೊಗೆ ಕಟ್ಟಡದೊಳಗೆ ಯಾವ ದಾರಿ ಹಿಡಿಯುತ್ತದೆ ಎಂಬುದು ಷಿಕಾಗೋವಿನ ನಾಟಕಶಾಲೆಯ ಕಾಲದಿಂದಲೂ ಕೇಳಿಬಂದ ಪ್ರಶ್ನೆ. ವಿದ್ಯೆ ಇಲ್ಲದಿರುವುದು ಒಂದು ದುರಂತ. ಇದ್ದ ವಿದ್ಯೆಯು ಅನುಮತಿಪತ್ರಕ್ಕೆ ಸಹಿ ಹಾಕುವವನಿಗೂ ಠಾಣೆಯಲ್ಲಿ ಕಾದಿರುವವನಿಗೂ ತಲುಪದಿರುವುದು ಅದಕ್ಕಿಂತ ದೊಡ್ಡ ದುರಂತ.

ಹಾಗಾದರೆ ಅಗ್ನಿಶಾಮಕನಾಗುವ ಪ್ರತಿಯೊಬ್ಬನಿಗೂ ಪದವಿಯನ್ನು ಕಡ್ಡಾಯ ಮಾಡಬೇಕೇ? ಇಲ್ಲಿ ಅಮೆರಿಕದ ಮತ್ತೊಂದು ಪ್ರಸಂಗವು ಎಚ್ಚರಿಕೆ ಹೇಳುತ್ತದೆ. ನ್ಯೂಯಾರ್ಕ್ ನಗರವು ೧೯೯೯ ಮತ್ತು ೨೦೦೨ರಲ್ಲಿ ಅಗ್ನಿಶಾಮಕರ ನೇಮಕಕ್ಕಾಗಿ ನಡೆಸಿದ ಲಿಖಿತ ಪರೀಕ್ಷೆಗಳು ಕರಿಯ ಹಾಗೂ ಸ್ಪ್ಯಾನಿಷ್ ಮೂಲದ ಅಭ್ಯರ್ಥಿಗಳನ್ನು ಅನ್ಯಾಯವಾಗಿ ಹೊರಗಿಟ್ಟವೆಂದು ೨೦೦೯ರಲ್ಲಿ ಸಂಯುಕ್ತ ನ್ಯಾಯಾಲಯವು ತೀರ್ಪು ಕೊಟ್ಟಿತು. ಆ ಪ್ರಶ್ನೆಪತ್ರಿಕೆಗಳು ಅಳೆದದ್ದಕ್ಕೂ ಅಗ್ನಿಶಾಮಕನ ಕೆಲಸಕ್ಕೂ ಸರಿಯಾದ ಸಂಬಂಧವನ್ನು ನಗರವು ತೋರಿಸಲಾರದೆ ಹೋಯಿತು. ಅಲ್ಲಿ ವಿವಾದಕ್ಕೆ ಗುರಿಯಾದದ್ದು ಲಿಖಿತ ಪರೀಕ್ಷೆ, ಪದವಿಯಲ್ಲ. ಆದರೂ ನ್ಯಾಯ ಒಂದೇ. ಕಾಗದದ ಮೇಲಿನ ಯೋಗ್ಯತೆಯು ಕೆಲಸದ ಯೋಗ್ಯತೆಗೆ ಹೊಂದದಿದ್ದರೆ ಅದು ವಿದ್ಯೆಯೆನಿಸದು, ಬೇಲಿಯೆನಿಸುತ್ತದೆ. ಕಾಲೇಜಿನ ಶುಲ್ಕವನ್ನು ತೆರಲಾರದ ಮನೆಯ ಹುಡುಗನಿಗೆ ಸರ್ಕಾರಿ ಸಮವಸ್ತ್ರವು ಬದುಕಿನ ದೊಡ್ಡ ಆಸರೆಯಾಗಿರುವ ನಮ್ಮ ದೇಶದಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚು ಅವಶ್ಯಕ.

ಈ ಚರಿತ್ರೆಯಿಂದ ನಮಗೆ ದೊರೆಯುವ ತೀರ್ಮಾನಗಳು ಎರಡು. ಮೊದಲನೆಯದು, ಅಗ್ನಿಶಾಮಕ ವಿದ್ಯೆಯು ವಿಶ್ವವಿದ್ಯಾನಿಲಯದ ಗೌರವಕ್ಕೆ ಸರ್ವಥಾ ಅರ್ಹವಾದದ್ದು. ಅದರಲ್ಲಿ ರಸಾಯನಶಾಸ್ತ್ರವಿದೆ, ಜಲಶಾಸ್ತ್ರವಿದೆ, ವಾಸ್ತುಶಿಲ್ಪವಿದೆ, ಕಾನೂನಿದೆ, ಮನುಷ್ಯನ ಭಯವನ್ನು ಅರಿಯುವ ಮನಶ್ಶಾಸ್ತ್ರವಿದೆ. ಎರಡನೆಯದು, ಈ ವಿದ್ಯೆಯನ್ನು ಪ್ರವೇಶದ್ವಾರದಲ್ಲಿ ಸುಂಕವಾಗಿ ವಸೂಲು ಮಾಡುವುದಕ್ಕಿಂತ ಒಳಗೆ ಬಂದವನಿಗೆ ಸಂಬಳದ ಜೊತೆಗೆ ಸಲ್ಲುವ ಹಕ್ಕಾಗಿ ಕೊಡುವುದು ಲೇಸು. ಎಸ್.ಎಸ್.ಎಲ್.ಸಿ. ಮುಗಿಸಿ ದಳಕ್ಕೆ ಸೇರಿದವನು ಸೇವೆಯಲ್ಲಿದ್ದುಕೊಂಡೇ ಓದಿ ಪದವಿಯನ್ನು ಪಡೆದು ಮೇಲೇರಲು ಸಾಧ್ಯವಾಗಬೇಕು. ಪದವಿಯನ್ನು ಪಡೆದು ಬಂದವನು ಕೆಲವು ಕಾಲವಾದರೂ ನೀರಿನ ಕೊಳವೆಯನ್ನು ಹೆಗಲ ಮೇಲೆ ಹೊತ್ತಿರಬೇಕು. ಸಮುದಾಯ ಕಾಲೇಜುಗಳ ಅನುಭವವು ಇದು ಅಸಾಧ್ಯವಲ್ಲವೆಂದು ತೋರಿಸಿದೆ. ಜಿಲ್ಲೆಗೊಂದರಂತೆ ಕಾಲೇಜುಗಳೂ ತಾಲ್ಲೂಕಿಗೊಂದರಂತೆ ಠಾಣೆಗಳೂ ಹಬ್ಬುತ್ತಿರುವ ನಾಡಿನಲ್ಲಿ ಎರಡರ ನಡುವಣ ದಾರಿ ಅಷ್ಟೇನೂ ಉದ್ದದ್ದಲ್ಲ.

ಬ್ರೈಡ್‌ವುಡ್ ತನ್ನ ದಳಕ್ಕೆ ಛಾವಣಿ ಹೊದಿಸುವವನನ್ನು ಆರಿಸಿಕೊಂಡಾಗ ಅವನ ಜಾತಕವನ್ನಾಗಲಿ ಪ್ರಮಾಣಪತ್ರವನ್ನಾಗಲಿ ಕ���ಳಲಿಲ್ಲ. ಛಾವಣಿಯನ್ನು ಬಲ್ಲೆಯಾ ಎಂದು ಕೇಳಿದನು. ಇಂದಿನ ಛಾವಣಿಗಳು ಬದಲಾಗಿವೆ, ಉರಿಯುವ ಪದಾರ್ಥಗಳು ಬದಲಾಗಿವೆ, ಅಂತಸ್ತುಗಳು ಏಣಿಗಳನ್ನು ಮೀರಿ ಬೆಳೆದಿವೆ. ಅವುಗಳನ್ನು ಬಲ್ಲವನಾಗಲು ಇಂದು ಓದಬೇಕಾಗಿದೆ. ಆ ಓದು ಕೊಳವೆ ಹಿಡಿಯುವ ಕೈಗಳಿಗೂ ದಕ್ಕುವಂತೆ ಮಾಡುವ ಹೊಣೆಯಲ್ಲಿ ನಮ್ಮಂಥ ಅಧ್ಯಾಪಕರಿಗೂ ಪಾಲಿದೆ.